ಅಳಿಯಂದಿರ ತಂಡ

ಪ್ವೆರ್ತೊ ಇನೆಸ್,
12 ಜೂನ್ 1988

ದೋನ್ ಎಫ್ರಾಯಿನ್ ಕ್ಲಾರ್ಕ್ ಅವರಿಗೆ,

ಈ ಪತ್ರ ಬರೆಯುತ್ತಿರುವವಳು ಪ್ವೆರ್ತೊ ಇನೆಸ್‌ನ ಪೆಲಿಕಾನೋಸ್ ಬೇಸ್‌ಬಾಲ್ ತಂಡದ ಹೊಸ ವ್ಯವಸ್ಥಾಪಕಿ. ಅವಳು ನಿಮ್ಮ ಮಗಳೂ ಹೌದು. ಆದರೆ ಆ ಹುದ್ದೆ ಹಳೆಯದು, ಅದರಲ್ಲಿ ಬಹಳ ಕಾಲದಿಂದ ಕೆಲಸವೇನೂ ಬಂದಿಲ್ಲ. ಆದ್ದರಿಂದ ಹೊಸ ಹುದ್ದೆಯ ಮಾತನ್ನೇ ಆಡುತ್ತೇನೆ.

ತಂಡದ ಮಾಲೀಕರು ದೋನ್ ಅರಿಸ್ತಿದೆಸ್ ನನ್ನನ್ನು ಸಕ್ಕರೆ ಕಾರ್ಖಾನೆಯ ಕಚೇರಿಯಿಂದ ಎಬ್ಬಿಸಿ ತಂದು ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರಿಸಿದ್ದಾರೆ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರೆಲ್ಲ ಗಂಡಸರು, ಆಟ ಬಲ್ಲವರು, ಬೇಗ ಓಡಿದವರು. "ಆಟ ಗೊತ್ತಿರೋರನ್ನ ನೋಡಿದ್ದಾಯ್ತು, ಇನ್ನು ಆಟ ಗೊತ್ತಿಲ್ಲದೋರನ್ನ ನೋಡೋಣ" ಎಂದರು. ಹೊಗಳಿಕೆಯೋ ಹತಾಶೆಯೋ ಎಂದು ನಾನು ಕೇಳಲಿಲ್ಲ.

ತಂಡದ ಸ್ಥಿತಿ ಮೆಕ್ಸಿಕೊದ ಪತ್ರಿಕೆಗಳಲ್ಲಿ ಬರುವಷ್ಟು ದೊಡ್ಡ ಸುದ್ದಿಯಲ್ಲ, ಹಾಗಾಗಿ ಹೇಳುತ್ತೇನೆ. ಆರು ತಂಡಗಳಲ್ಲಿ ನಾವು ಆರನೆಯವರು. ಅಕ್ಟೋಬರಿನಲ್ಲಿ ಶುರು, ನವೆಂಬರಿನಲ್ಲಿ ಜೋರು, ಡಿಸೆಂಬರಿನಲ್ಲಿ ಚೂರು. ಪ್ರತಿ ವರ್ಷವೂ ಇದೇ ತೇರು. ಕಾರಣ ಊರಿಗೆಲ್ಲ ಗೊತ್ತಿದೆ. ನಮ್ಮ ಎಸೆತಗಾರರು ಅಮೆರಿಕದವರು. ಅಲ್ಲಿ ಚಳಿಗಾಲದಲ್ಲಿ ಆಟವಿಲ್ಲವೆಂದು ಇಲ್ಲಿಗೆ ಬರುತ್ತಾರೆ. ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಅಮ್ಮನನ್ನು ನೋಡಿಬರುತ್ತೇವೆಂದು ವಿಮಾನ ಹತ್ತುತ್ತಾರೆ. ಆ ಅಮ್ಮಂದಿರು ಗಟ್ಟಿಗರು. ಮಗನನ್ನು ವಾಪಸು ಕಳಿಸಿದವಳು ಇದುವರೆಗೆ ಒಬ್ಬಳೂ ಇಲ್ಲ. ಯಾರು ಉಳಿಯುತ್ತಾರೆ, ಯಾರು ಹೊರಬೀಳುತ್ತಾರೆ ಎಂದು ತೀರ್ಮಾನವಾಗುವುದು ಆ ವಾರದಲ್ಲೇ.

ನೀವು ಹೋದ ಮೇಲೆ ಬಂದ ಪದ್ಧತಿ ಒಂದಿದೆ. ಮೊದಲ ನಾಲ್ಕು ತಂಡಗಳು ಜನವರಿಯ ಆಟಕ್ಕೆ ಹೋಗುತ್ತವೆ. ಹೊರಬಿದ್ದ ಎರಡು ತಂಡಗಳಿಂದ ತಮಗೆ ಬೇಕಾದವರನ್ನು ಆ ನಾಲ್ಕು ತಂಡದವರು ಬಲಕ್ಕೆಂದು ಆರಿಸಿಕೊಳ್ಳುತ್ತಾರೆ. ಹಾಗಾಗಿ ಪ್ರತಿ ಜನವರಿಯಲ್ಲಿ ನಮ್ಮ ಹುಡುಗರು ಪರರ ಅಂಗಿ ತೊಟ್ಟು ಗೆಲ್ಲುತ್ತಾರೆ, ಊರು ಅದನ್ನು ರೇಡಿಯೋದಲ್ಲಿ ಕೇಳುತ್ತದೆ. ನಮ್ಮ ಕೋಳಿ ಪಕ್ಕದ ಮನೆಯಲ್ಲಿ ಮೊಟ್ಟೆಯಿಟ್ಟು ಕೂಗಿದ ಹಾಗೆ.

ದೋನ್ ಅರಿಸ್ತಿದೆಸ್ ಇದೊಂದು ವರ್ಷ ಕಾಯುತ್ತಾರಂತೆ. ನಾವು ನಾಲ್ಕರೊಳಗೆ ಬರದಿದ್ದರೆ ತಂಡವನ್ನು ಒಳನಾಡಿನ ಸಿಮೆಂಟ್ ವ್ಯಾಪಾರಿಯೊಬ್ಬನಿಗೆ ಮಾರುತ್ತಾರೆ. ಅವನು ಹೆಸರು, ಅಂಗಿ, ಅಂಗಿಯ ಮೇಲಿನ ಹೆಜ್ಜಾರ್ಲೆ ಹಕ್ಕಿ, ಎಲ್ಲವನ್ನೂ ತನ್ನ ಊರಿಗೆ ಒಯ್ಯುತ್ತಾನೆ. ಅಲ್ಲಿ ಸಮುದ್ರವೇ ಇಲ್ಲ.

ಡಿಸೆಂಬರಿನಲ್ಲಿ ಓಡಿಹೋಗದ ಎಸೆತಗಾರರು ಎಲ್ಲಿ ಸಿಗುತ್ತಾರೆ? ಇದನ್ನು ಬಲ್ಲವರು ನೀವೊಬ್ಬರೇ ಎಂದು ನಮ್ಮ ತರಬೇತುದಾರ ಚಿಚೊ ಹೇಳುತ್ತಾನೆ. ನೀವು ಎಸೆಯುತ್ತಿದ್ದಾಗ ಅವನೇ ನಿಮ್ಮ ಕ್ಯಾಚರ್ ಆಗಿದ್ದನಂತೆ. ಚೆಂಡು ಹಿಡಿದು ಹಿಡಿದು ಸೊಟ್ಟಗಾದ ಅವನ ಬೆರಳುಗಳನ್ನು ನೋಡಿದರೆ ನಂಬಬಹುದು.

ಅಮ್ಮನಿಗೆ ಈ ಪತ್ರದ ವಿಷಯ ಗೊತ್ತಿಲ್ಲ.

ನೆರೇಯ್ದಾ ಕ್ಲಾರ್ಕ್
ವ್ಯವಸ್ಥಾಪಕಿ


ನವೊಲಾತೊ, ಮೆಕ್ಸಿಕೊ
10 ಜುಲೈ 1988

ನೆರಿ,

ದೇವರು ನಿನ್ನನ್ನು ಹರಸಲಿ. ನೀನು ಆಶೀರ್ವಾದ ಕೇಳಿಲ್ಲ. ನಮ್ಮಲ್ಲಿ ಮಕ್ಕಳು ಹೊಸ್ತಿಲು ದಾಟುವ ಮೊದಲು ಕೇಳುತ್ತಾರೆ, ಪತ್ರದ ಮೊದಲ ಸಾಲಿನಲ್ಲಿ ಕೇಳುತ್ತಾರೆ, ಜಗಳಕ್ಕೆ ನಿಲ್ಲುವ ಮೊದಲೂ ಕೇಳಿಯೇ ನಿಲ್ಲುತ್ತಾರೆ. ಇರಲಿ. ಕೇಳದೆ ಕೊಟ್ಟರೆ ಕೆಡುವ ವಸ್ತುವಲ್ಲ.

ಮೊದಲು ಒಂದು ಷರತ್ತು. ನನ್ನನ್ನು ಕೆಲಸದಿಂದ ತೆಗೆದ ಆ ಮನುಷ್ಯನ ಹೆಸರನ್ನು ನನಗೆ ಬರೆಯುವ ಪತ್ರದಲ್ಲಿ ಬರೆಯಬೇಡ. ಓದಿದ ದಿನ ಊಟ ರುಚಿಸುವುದಿಲ್ಲ.

ಇನ್ನು ಕೇಳಿದ್ದಕ್ಕೆ ಉತ್ತರ. ನಿಮ್ಮ ತಂಡದ ತಪ್ಪು ಶುರುವಾಗುವುದು ಒಪ್ಪಂದಕ್ಕೆ ಸಹಿ ಬೀಳುವ ದಿನ. ಬರುವ ಟಿಕೆಟಿನ ಜೊತೆಗೆ ಹೋಗುವ ಟಿಕೆಟನ್ನೂ ಅವತ್ತೇ ಕೈಗಿಡುತ್ತೀರಿ. ಅದು ಜೇಬಿನಲ್ಲಿರುವವನು ಪ್ರತಿ ರಾತ್ರಿ ಮಲಗುವ ಮುಂಚೆ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ. ಮುಟ್ಟಿ ಮುಟ್ಟಿ ಅದು ಬೆಚ್ಚಗಾಗುತ್ತದೆ, ಹಾಸಿಗೆ ತಣ್ಣಗಾಗುತ್ತದೆ.

ಎರಡನೆಯದು, ನೀವು ತೋಳು ನೋಡುತ್ತೀರಿ. ತೋಳು ಎಲ್ಲರಿಗೂ ಇದೆ. ನೀನು ಅಳಿಯಂದಿರನ್ನು ಹಿಡಿ. ನಿಮ್ಮ ಕಡೆಯ ಹೆಣ್ಣನ್ನು ಮದುವೆಯಾದ ಹೊರನಾಡಿನ ಆಟಗಾರರು ಯಾರ್ಯಾರಿದ್ದಾರೆ ಹುಡುಕು. ಅಂಥವನಿಗೆ ಕ್ರಿಸ್‌ಮಸ್ಸಿಗೆ ಹೋಗಲು ಬೇರೆ ಮನೆಯಿಲ್ಲ, ಅವನು ಆಗಲೇ ಮನೆಯಲ್ಲಿದ್ದಾನೆ. ಅಮೆರಿಕದ ಕ್ಲಬ್ಬಿಗೆ ಇಲ್ಲ ಎಂದವರನ್ನು ಕಂಡಿದ್ದೇನೆ. ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ಅತ್ತೆಗೆ ಇಲ್ಲ ಎಂದು ನಿಮ್ಮ ಆ ದ್ವೀಪದಲ್ಲಿ ಬಾಳಿದವನನ್ನು ಕಂಡಿಲ್ಲ. ತೋಳು ನೋಡಿ ತಂದವ ತಿರುಗಿ ಹೋದಾನು, ತೊಟ್ಟಿಲು ನೋಡಿ ತಂದವ ತಂಗಿ ಉಳಿದಾನು.

ಫೋನ್ ಮಾಡಬೇಡ. ಇಲ್ಲಿ ಫೋನಿರುವುದು ಔಷಧದ ಅಂಗಡಿಯಲ್ಲಿ. ನನ್ನ ಒಂದು ಕಿವಿ ಮಂದ, ಅಂಗಡಿಯವನ ಎರಡೂ ಚುರುಕು.

ಕ್ರೀಡಾಂಗಣದ ಪೂರ್ವದ ಗೇಟಿನ ಬಳಿ ಯನಿಕೇಕೆ ಕರಿಯುವ ಅಂಗಡಿ ಇನ್ನೂ ಇದೆಯೇ? ಹಿಟ್ಟನ್ನು ಈಗಲೂ ಅಷ್ಟೇ ತೆಳ್ಳಗೆ ತಟ್ಟುತ್ತಾರೆಯೇ? ಇಲ್ಲಿಯ ರೊಟ್ಟಿಯೂ ಚೆನ್ನಾಗಿದೆ. ಮುರಿದರೆ ಸದ್ದಾಗುವುದಿಲ್ಲ, ಅಷ್ಟೇ.

ನಿನ್ನ ಅಪ್ಪ
ಎಫ್ರಾಯಿನ್


ಪ್ವೆರ್ತೊ ಇನೆಸ್,
14 ಆಗಸ್ಟ್ 1988

ದೋನ್ ಎಫ್ರಾಯಿನ್ ಅವರಿಗೆ,

ನಿಮ್ಮ ಸೂತ್ರ ತಲುಪಿತು. ಅದಕ್ಕೊಂದು ಅಪವಾದ ನನಗೆ ಗೊತ್ತು. ಪನಾಮಾದಿಂದ ಎಸೆಯಲು ಬಂದು, ಗೇಟಿನ ಬಳಿ ಯನಿಕೇಕೆ ಮಾರುವವಳನ್ನು ಮದುವೆಯಾಗಿ, ಊರಿನ ಅಳಿಯ ಎನಿಸಿಕೊಂಡು, ಆಮೇಲೆ ಇದೇ ತಂಡಕ್ಕೆ ತರಬೇತುದಾರರೂ ಆಗಿ, ಕೆಲಸ ಹೋದ ವರ್ಷ "ಒಂದೇ ಒಂದು ಋತು ಮೆಕ್ಸಿಕೊ ನೋಡಿಬರ್ತೀನಿ" ಎಂದು ಹೋದವರು. ಆಗ ನಾನು ಶಾಲೆಯಲ್ಲಿದ್ದೆ. ಒಂದು ಅಪವಾದಕ್ಕೆ ಸೂತ್ರ ಸುಳ್ಳಾಗದು ಎಂದೂ ಅದೇ ಶಾಲೆಯಲ್ಲಿ ಕಲಿಸಿದ್ದಾರೆ. ಆದ್ದರಿಂದ ಬಳಸುತ್ತಿದ್ದೇನೆ.

ಮೆಕ್ಸಿಕೊದ ಅಂಚೆಚೀಟಿ ಅಮ್ಮನ ಕಣ್ಣಿಗೆ ಬಿತ್ತು. ಯಾರ ಪತ್ರ ಎಂದು ಕೇಳಲಿಲ್ಲ. ಅಳಿಯಂದಿರನ್ನು ಹುಡುಕುತ್ತಿದ್ದೇನೆ ಎಂದಷ್ಟೇ ನಾನು ಹೇಳಿದೆ. "ಮದುವೆ ಊಟದ ಯನಿಕೇಕೆ ಕರಿದವಳು ನಾನು, ನನ್ನ ಕೇಳದೆ ಎಲ್ಲಿ ಹುಡುಕ್ತೀಯ?" ಎಂದು ಹಿಟ್ಟಿನ ಬೆರಳುಗಳಲ್ಲೇ ಎಣಿಸತೊಡಗಿದಳು. ಅವಳ ಒಂದು ಕೈ ತುಂಬಿ ಇನ್ನೊಂದಕ್ಕೂ ದಾಟಿತು. ಇಷ್ಟು ವರ್ಷ ಈ ತಂಡ ಎಸೆತಗಾರರನ್ನು ಹುಡುಕಿಕೊಂಡು ಫ್ಲೋರಿಡಾವರೆಗೆ ಹೋಗಿದೆ, ಗೇಟಿನವರೆಗೆ ಹೋಗಿರಲಿಲ್ಲ.

ಮೊದಲು ಹೋದದ್ದು ದೋನ್ಯಾ ತಾತಿಕಾ ಅವರ ಮನೆಗೆ. ಅವರ ಮಗಳು ಯಹಾಯಿರಾಳನ್ನು ನ್ಯೂಜೆರ್ಸಿಯ ಡ್ವೇನ್ ಪ್ರಾಥರ್ ಮದುವೆಯಾಗಿದ್ದಾನೆ. ಎಡಗೈ ಎಸೆತಗಾರ. ಎತ್ತರ ಎಷ್ಟೆಂದರೆ, ಅತ್ತೆಯ ಮನೆಯ ಬಾಗಿಲಲ್ಲಿ ದಿನಕ್ಕೆರಡು ಸಲ ತಲೆ ಹೊಡೆಸಿಕೊಳ್ಳುತ್ತಾನೆ. ಒಪ್ಪಂದದ ಮಾತು ನಡೆದದ್ದು ಅಂಗಳದಲ್ಲಿ, ನನ್ನ ಮತ್ತು ಅತ್ತೆಯ ನಡುವೆ. ಅವನು ತಟ್ಟೆ ಹಿಡಿದು ಕೂತಿದ್ದ. ಡಿಸೆಂಬರಿನಲ್ಲಿ ಹೋಗುವುದಿಲ್ಲವೆಂದು ಮಾತು ಕೊಡಬೇಕು ಎಂದೆ.

"ಎಲ್ಲಿಗೆ ಹೋಗ್ತಾನೆ?" ಎಂದರು ದೋನ್ಯಾ ತಾತಿಕಾ. "ಇವನ ಪೆಟ್ಟಿಗೆ ಮೇಲೆ ನಾನು ಕೂತಿರ್ತೀನಿ."

"ನನ್ನನ್ನ ಯಾರೂ ಕೇಳಲ್ವಾ?" ಎಂದ ಡ್ವೇನ್.

"ಕೇಳ್ತೀನಿ. ಇನ್ನೊಂಚೂರು ಅನ್ನ ಹಾಕ್ಲಾ?"

ಅವನು ಹಾಕಿಸಿಕೊಂಡ. ಸಹಿಯೂ ಆಯಿತು.

ಎರಡನೆಯವನು ಲಿಸಾರ್ದೊ, ವೆನೆಜುವೆಲಾದವನು. ಅವನ ಹೆಂಡತಿ ನಮ್ಮ ಊರಿನ ಶಾಲೆಯಲ್ಲಿ ಟೀಚರು. ಇವನಿಗೆ ವಯಸ್ಸಾಗಿದೆ, ಯಾರಿಗೂ ಬೇಡವಾಗಿದ್ದಾನೆ. ಚೆಂಡಿಗೆ ವೇಗವಿದೆ, ತಿರುವಿದೆ, ಆದರೂ ಎದುರಾಳಿಗಳು ಅವನನ್ನು ಓದುಪುಸ್ತಕದಂತೆ ಓದಿ ಹೊಡೆಯುತ್ತಾರೆ. ಯಾಕೆಂದು ಅವನಿಗೂ ಗೊತ್ತಿಲ್ಲ, ಚಿಚೊಗೂ ಗೊತ್ತಿಲ್ಲ. ಆದರೂ ತೆಗೆದುಕೊಂಡೆ. ಅವನ ಮಗು ಅಂಬೆಗಾಲಿಡುತ್ತಿದೆ, ನಿಮ್ಮ ತೊಟ್ಟಿಲಿನ ಲೆಕ್ಕಕ್ಕೆ ಸರಿಹೋಯಿತು.

ಯಾರಿಗೂ ಹಿಂದಿರುಗುವ ಟಿಕೆಟು ಕೊಟ್ಟಿಲ್ಲ.

ಗೇಟಿನ ಅಂಗಡಿ ಇದೆ. ಹಿಟ್ಟು ತೆಳ್ಳಗೇ ಇದೆ.

ನೆರೇಯ್ದಾ


ನವೊಲಾತೊ,
9 ಸೆಪ್ಟೆಂಬರ್ 1988

ನೆರಿ,

ದೇವರು ಹರಸಲಿ.

ಲಿಸಾರ್ದೊನನ್ನು ಅವರೆಲ್ಲ ಓದುತ್ತಾರೆಂದರೆ ಅವನ ಮೈಮೇಲೆ ಎಲ್ಲೋ ಅಕ್ಷರ ಬರೆದಿದೆ. ಆಟ ಶುರುವಾದ ಮೇಲೆ ಅವನ ಫೋಟೋಗಳನ್ನು ಕಳಿಸು. ಚೆಂಡು ಕೈಬಿಟ್ಟ ಮೇಲಿನದು ಬೇಡ, ಆಗ ಎಲ್ಲರೂ ವೀರರೇ. ಬಿಡುವ ಮೊದಲಿನದು ಬೇಕು. ಎದುರಿನಿಂದ, ಹೊಡೆಯುವವನಿಗೆ ಕಾಣುವ ಹಾಗೆ ತೆಗೆಸು. ಪ್ರತಿಯೊಂದರ ಹಿಂದೆ ಅದು ನೇರ ಎಸೆತವೋ ಬಾಗುವ ಎಸೆತವೋ ಎಂದು ಬರೆ.

ಅಪವಾದದ ವಿಷಯ ಓದಿದೆ. ಸರಿಯಾಗಿಯೇ ಬರೆದಿದ್ದೀಯ. ಅಕ್ಷರ ನಿನ್ನ ಅಮ್ಮನದರಂತೆ ಬಲಕ್ಕೆ ವಾಲುತ್ತದೆ.

ಅಪ್ಪ


ಪ್ವೆರ್ತೊ ಇನೆಸ್,
6 ನವೆಂಬರ್ 1988

ಅಪ್ಪನಿಗೆ,

ಫೋಟೋಗಳು ಜೊತೆಗಿವೆ. ತೆಗೆದವನು ಮದುವೆ ಫೋಟೋದವನು, ಆದ್ದರಿಂದ ಎಲ್ಲದರಲ್ಲೂ ಲಿಸಾರ್ದೊ ಮದುಮಗನಂತೆ ನಿಂತಿದ್ದಾನೆ. ಕ್ಷಮಿಸಿ.

ಸದ್ಯಕ್ಕೆ ನಾವು ಮೂರನೆಯವರು. ಡ್ವೇನ್ ಎಸೆದ ಆಟಗಳಲ್ಲಿ ಒಂದನ್ನು ಬಿಟ್ಟು ಎಲ್ಲ ಗೆದ್ದಿದ್ದೇವೆ. ಸೋತ ದಿನ ಅವನು ಅತ್ತೆಯೊಡನೆ ಜಗಳವಾಡಿ ಬಂದಿದ್ದ. ಈಗ ಅವನು ಎಸೆಯುವ ಹಿಂದಿನ ದಿನ ನಾನೇ ಹೋಗಿ ಮನೆಯ ಹವೆ ನೋಡಿಬರುತ್ತೇನೆ. ಲಿಸಾರ್ದೊ ಗೆದ್ದಷ್ಟೇ ಸೋತಿದ್ದಾನೆ.

ಅತ್ತೆಯರಿಗೆಲ್ಲ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದೇನೆ. ಅಂಪೈರ್ ತಪ್ಪು ತೀರ್ಪು ಕೊಟ್ಟರೆ ಆ ಸಾಲು ಒಟ್ಟಿಗೆ ಏಳುತ್ತದೆ. ಮೊನ್ನೆ ಅಂಪೈರ್ ತನ್ನ ತೀರ್ಪನ್ನು ತಾನೇ ಬದಲಿಸಿದ. ಅವನಿಗೂ ಒಬ್ಬ ಅತ್ತೆ ಇರಬೇಕು.

ಹೊರಗಿನ ಊರುಗಳಲ್ಲಿ ನಮ್ಮನ್ನು ಅಳಿಯಂದಿರ ತಂಡ ಎಂದು ಕರೆಯುತ್ತಾರೆ. ನಾವು ಹೋದಲ್ಲೆಲ್ಲ ಜನ ಡೋಲು ಬಡಿದು ಹಾಡುತ್ತಾರೆ:

ಅಳಿಯ ಬಂದ ಗೆಲ್ಲೋಕೆ,
ಅತ್ತೆ ಬಂದ್ಲು ಕಾಯೋಕೆ,
ಹಬ್ಬ ಬರ್ಲಿ ನೋಡೋಣ
ಯಾರಿರ್ತಾರೆ ಎಸೆಯೋಕೆ!

ಪ್ರಾಸ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕು. ಅಮ್ಮ ಅದನ್ನು ಗುನುಗುತ್ತಾ ಹಿಟ್ಟು ತಟ್ಟುತ್ತಾಳೆ.

ಹೆಸರು ಹೇಳಬಾರದ ಆ ಮಾಲೀಕರು ನಿನ್ನೆ ನನ್ನ ಕೋಣೆಗೆ ಬಂದು, ಈ ಅಳಿಯಂದಿರ ಉಪಾಯ ಯಾರದೆಂದು ಕೇಳಿದರು. ನನ್ನದು ಎಂದೆ. "ಸುಳ್ಳು. ಇದು ಆ ಪನಾಮಾದವನ ತಲೆ" ಎಂದರು. ಬಾಗಿಲವರೆಗೆ ಹೋಗಿ ತಿರುಗಿ, "ಅವನನ್ನ ಕಳಿಸಬಾರದಿತ್ತು" ಎಂದು ಹೋದರು. ಹೆಸರು ಬರೆದಿಲ್ಲ. ಊಟ ಮಾಡಿ.

ನೆರೇಯ್ದಾ


ನವೊಲಾತೊ,
25 ನವೆಂಬರ್ 1988

ನೆರಿ,

ದೇವರು ಹರಸಲಿ. ಊಟ ಮಾಡಿದೆ.

ಅಕ್ಷರ ಸಿಕ್ಕಿತು. ಅವನ ಎಡಗೈಯ ಗವಸನ್ನು ನೋಡು. ಬಾಗುವ ಎಸೆತಕ್ಕೆ ಒಳಗೆ ಅಡಗಿಸಿದ ಚೆಂಡಿಗೆ ಬೆರಳು ಜೋಡಿಸಿಕೊಳ್ಳುವಾಗ ಗವಸು ಹೂವಿನಂತೆ ಅರಳುತ್ತದೆ. ನೇರ ಎಸೆತಕ್ಕೆ ಮೊಗ್ಗಾಗಿಯೇ ಇರುತ್ತದೆ. ಫೋಟೋ ಫೋಟೋದಲ್ಲೂ ಹಾಗೇ ಇದೆ. ಹೊಡೆಯುವವರು ಚೆಂಡನ್ನೇ ನೋಡಬೇಕಿಲ್ಲ, ಹೂವು ನೋಡಿದರೆ ಸಾಕು.

ಇದನ್ನು ಕೇಳಿದರೆ ಚಿಚೊ ಈಗಲೇ ಓಡಿಹೋಗಿ ಸರಿಪಡಿಸುತ್ತೇನೆ ಎನ್ನುತ್ತಾನೆ. ಬಿಡಬೇಡ. ಊರಿಗೆಲ್ಲ ಗೊತ್ತಿರುವ ಚಟ ಒಂದು ಆಸ್ತಿ. ಅದನ್ನು ಗಳಿಸಲು ಲಿಸಾರ್ದೊ ಹತ್ತಾರು ವರ್ಷ ಏಟು ತಿಂದಿದ್ದಾನೆ. ಈಗ ತಿದ್ದಿದರೆ ಎರಡು ಆಟದಲ್ಲಿ ಅವರು ಬೇರೇನಾದರೂ ಹುಡುಕುತ್ತಾರೆ. ಹಾಗೇ ಇರಲಿ, ಸಣ್ಣ ಆಟಗಳಲ್ಲಿ ಸೋಲಲಿ. ಮರೆಯಲ್ಲಿ ಮಾತ್ರ ಉಲ್ಟಾ ಅಭ್ಯಾಸ ಮಾಡಿಸು, ನೇರ ಎಸೆತಕ್ಕೆ ಅರಳಿಸುವುದು, ಬಾಗುವುದಕ್ಕೆ ಮುಚ್ಚುವುದು. ಸೋತರೆ ಎಲ್ಲ ಹೋಯಿತು ಎನ್ನುವ ಒಂದೇ ಒಂದು ದಿನಕ್ಕೆ ಅದನ್ನು ಇಟ್ಟುಕೊ.

ಮನುಷ್ಯರು ಬದಲಾಗುವುದಿಲ್ಲ ಎಂದು ಎಲ್ಲರೂ ನಂಬಿರುವಾಗ ಬದಲಾದರೆ ಬಲು ಲಾಭ. ಎಸೆತದ ಮಾತು ಹೇಳಿದೆ.

ಅಪ್ಪ


ಪ್ವೆರ್ತೊ ಇನೆಸ್,
4 ಡಿಸೆಂಬರ್ 1988

ಅಪ್ಪ,

ನಿನ್ನ ಸೂತ್ರದಲ್ಲಿ ತೂತಿದೆ. ಅಳಿಯನನ್ನು ಅತ್ತೆ ಹಿಡಿಯುತ್ತಾಳೆ, ಸರಿ. ಮಗಳನ್ನು ಯಾರು ಹಿಡಿಯುತ್ತಾರೆ?

ನಾಲ್ಕನೆಯ ಸ್ಥಾನಕ್ಕೆ ನಾವೂ ಇನ್ನೊಂದು ತಂಡವೂ ತಕ್ಕಡಿಯಂತೆ ತೂಗುತ್ತಿದ್ದೇವೆ. ಇಂಥ ಹೊತ್ತಿನಲ್ಲಿ ಯಹಾಯಿರಾ ನನ್ನ ಕೋಣೆಗೆ ಬಂದು, ಈ ಕ್ರಿಸ್‌ಮಸ್ಸಿಗೆ ನ್ಯೂಜೆರ್ಸಿಗೆ ಹೋಗುತ್ತೇವೆ ಎಂದಳು. ಡ್ವೇನ್ ಅಲ್ಲ, ಅವಳು. ಅವನು ಬಾಗಿಲ ಹೊರಗೆ ಹಣೆ ಉಜ್ಜಿಕೊಳ್ಳುತ್ತಾ ನಿಂತಿದ್ದ. "ಅಮೆರಿಕದವನ್ನ ಕಟ್ಕೊಂಡೆ ಅಂತ ಊರೆಲ್ಲ ಹೊಟ್ಟೆ ಉರ್ಕೊಂಡ್ರು. ಇವತ್ತಿಗೂ ಒಂದು ಹಿಡಿ ಹಿಮ ನೋಡಿಲ್ಲ. ಅತ್ತೆ ಮುಖ ನೋಡಿಲ್ಲ. ನಮ್ಮಮ್ಮಂದೇ ಹಬ್ಬ, ನಮ್ಮಮ್ಮಂದೇ ಹಂದಿ ಊಟ. ಇವನಿಗೂ ಒಬ್ಬಳು ತಾಯಿ ಇದ್ದಾಳೆ ನೆರೇಯ್ದಾ" ಎಂದಳು.

ಒಪ್ಪಂದ ತೋರಿಸಿದೆ. ಅದಕ್ಕೆ ಸಹಿ ಹಾಕಿದ್ದು ತಾನಲ್ಲ ಎಂದಳು. ದೋನ್ಯಾ ತಾತಿಕಾ ಮಾತಿನಂತೆ ಪೆಟ್ಟಿಗೆಯ ಮೇಲೆ ಕೂತರು. ಯಹಾಯಿರಾ ಬೇರೆ ಪೆಟ್ಟಿಗೆ ತಂದಳು.

ಕೊನೆಗೆ ಅವರನ್ನು ಅಮ್ಮನ ಬಳಿ ಕರೆದುಕೊಂಡು ಹೋದೆ. ಅಮ್ಮ ಗದರುತ್ತಾಳೆ, ಊರಿನ ಮಾನ ಎನ್ನುತ್ತಾಳೆ, ನನ್ನ ಕಡೆ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

"ಹೋಗು ಮಗಳೇ. ಆದ್ರೆ ಇಬ್ರೂ ಒಟ್ಟಿಗೆ ಹೋಗಿ. ಒಟ್ಟಿಗೆ ಹೋದೋರು ಒಟ್ಟಿಗೆ ವಾಪಸ್ ಬರ್ತಾರೆ. ಒಬ್ಬರೇ ಹೋದೋರು ಕಾಗದ ಬರೀತಾರೆ."

ಆಮೇಲೆ ಇಬ್ಬರಿಗೂ ಒಂದೊಂದು ಬಿಸಿ ಯನಿಕೇಕೆ ಕೊಟ್ಟಳು.

ಹಬ್ಬ ಮುಗಿಸಿ ಕಡೆಯ ಆಟದ ಹೊತ್ತಿಗೆ ಬರುತ್ತೇವೆಂದು ಮಾತು ಕೊಟ್ಟಿದ್ದಾರೆ. ಅಂಥ ಮಾತುಗಳನ್ನು ಈ ಕೋಣೆ ಬಹಳ ಕೇಳಿದೆ. ಬಿಟ್ಟುಕೊಟ್ಟೆ. ಈ ಊರಿನಲ್ಲಿ ತಂಡ ಉಳಿಯಬೇಕೆಂದು ನನಗಿಂತ ಹೆಚ್ಚು ಆಸೆಪಟ್ಟವರಿಲ್ಲ. ಆದರೆ ಹೆಂಡತಿ ಗಂಡನನ್ನು ಊರಿಗೆ ಕರೆದೊಯ್ಯುವುದನ್ನು ತಡೆದು ಉಳಿಸುವುದು ಎಂಥ ಉಳಿವು?

ತಪ್ಪು ಮಾಡಿದೆನೇ?

ನೆರಿ


ನವೊಲಾತೊ,
24 ಡಿಸೆಂಬರ್ 1988

ನೆರಿ,

ದೇವರು ನಿನ್ನನ್ನು ಹರಸಲಿ. ಈ ಪತ್ರ ನಿನಗೆ ಸಿಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಉಪದೇಶವಿಲ್ಲ. ತಪ್ಪು ಮಾಡಲಿಲ್ಲ.

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಹಿಂದೆಯೇ ಕೂತಿದ್ದೆ. ಎಸೆತದ ಬಗ್ಗೆ ಒಂದು ಪುಟ ಬರೆದು ಹರಿದೆ. ಇಲ್ಲಿಯ ಹವೆಯ ಬಗ್ಗೆ ಬರೆದು ಅದನ್ನೂ ಹರಿದೆ. ನಿನ್ನ ಅಮ್ಮ ಬಾಣಲೆಯಿಂದ ಕಣ್ಣೆತ್ತಲಿಲ್ಲ ಎಂದು ಬರೆದಿದ್ದೀಯ. ಅವಳು ಯಾವಾಗಲೂ ಹಾಗೆಯೇ. ನೋಡದೆಯೇ ಗುರಿ ಮುಟ್ಟಿಸುತ್ತಾಳೆ. ನಾನು ಆ ಊರಿಗೆ ಬಂದ ಮೊದಲ ವಾರ ಚಿಲ್ಲರೆ ವಾಪಸು ಕೊಡುವಾಗಲೂ ನನ್ನ ಮುಖ ನೋಡಿರಲಿಲ್ಲ.

ನಾನು ತರಬೇತಿ ಕೊಡುವ ಇಲ್ಲಿಯ ತಂಡ ಈ ವರ್ಷ ಬೇಗ ಹೊರಬಿತ್ತು. ಹುಡುಗರೆಲ್ಲ ಹಬ್ಬಕ್ಕೆ ಊರಿಗೆ ಹೋದರು. ಕ್ಲಬ್ಬಿನ ಗುಮಾಸ್ತ ನನ್ನ ಹತ್ತಿರವೂ ಬಂದು, ಮನೆಗೆ ಟಿಕೆಟು ತೆಗೆಸಬೇಕು, ಮನೆ ಎಲ್ಲಿ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದೆ. ಇಂದೂ ಕೇಳಿದ. ನಾಳೆ ರಜೆ ಎಂದೆ.

ಅಪ್ಪ


ಪ್ವೆರ್ತೊ ಇನೆಸ್,
30 ಡಿಸೆಂಬರ್ 1988

ಆಶೀರ್ವಾದ ಮಾಡು, ಅಪ್ಪ.

ಕಡೆಯ ಆಟ ಮೊನ್ನೆ ಸಂಜೆ ನಡೆಯಿತು. ಎದುರಿಗೆ ನಮ್ಮ ಜೊತೆ ತೂಗುತ್ತಿದ್ದ ಅದೇ ತಂಡ. ಗೆದ್ದವರು ಒಳಗೆ, ಸೋತವರು ಹೊರಗೆ. ಎಸೆಯಬೇಕಾಗಿದ್ದವನು ಡ್ವೇನ್. ಬೆಳಿಗ್ಗೆ ನ್ಯೂಜೆರ್ಸಿಯಿಂದ ಫೋನ್ ಬಂತು. ಯಹಾಯಿರಾ ಅಳುತ್ತಿದ್ದಳು. ಒಂದು ಹಿಡಿ ಹಿಮ ಕೇಳಿದ್ದಕ್ಕೆ ದೇವರು ವಿಮಾನ ನಿಲ್ದಾಣ ಮುಚ್ಚುವಷ್ಟು ಸುರಿದಿದ್ದ.

ಮಾಲೀಕರು ನನ್ನ ಮುಖ ನೋಡಿದರು. ಸಿಮೆಂಟಿನವನು ಆಗಲೇ ಬಂದು ಗ್ಯಾಲರಿಯಲ್ಲಿ ಕೂತು ಕಂಬಗಳನ್ನು ತಟ್ಟಿ ನೋಡುತ್ತಿದ್ದ. ನಾನು ಚಿಚೊಗೆ "ಲಿಸಾರ್ದೊ" ಎಂದೆ. ಚಿಚೊ ಶಿಲುಬೆಯ ಗುರುತು ಮಾಡಿಕೊಂಡ.

ಮೊದಲ ಎಸೆತಕ್ಕೇ ಗವಸು ಅರಳಿತು. ಅಮ್ಮನ ಯನಿಕೇಕೆಯಷ್ಟು ಅಗಲ. ಹೊಡೆಯುವವನು ಬಾಗುವ ಚೆಂಡಿಗೆ ಕಾದು ಸೊಂಟ ತಿರುಗಿಸಿ ನಿಂತ. ಚೆಂಡು ನೇರ ಬಂದು ಕ್ಯಾಚರನ ಕೈ ಸೇರಿ ಸದ್ದಾದ ಮೇಲೆ ಬ್ಯಾಟು ಬೀಸಿದ. ಎರಡನೆಯವನೂ ಹಾಗೇ, ಮೂರನೆಯವನೂ ಹಾಗೇ. ಅವರ ಬೆಂಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಎದ್ದು ನಿಂತರು.

ಅರ್ಧ ಆಟ ಕಳೆಯುವ ಹೊತ್ತಿಗೆ ಅವರಿಗೆ ಗುಟ್ಟು ತಿಳಿಯಿತು. ಒಂದು ಓಟವನ್ನೂ ತೆಗೆದರು. ಆಗ ಲಿಸಾರ್ದೊ ಯಾರನ್ನೂ ಕೇಳದೆ ತನ್ನ ಹಳೆಯ ಚಟಕ್ಕೇ ಮರಳಿದ, ಬಾಗುವುದಕ್ಕೆ ಹೂವು, ನೇರಕ್ಕೆ ಮೊಗ್ಗು. ನಿಜ ಹೇಳಿದರೂ ನಂಬುವವರಿಲ್ಲ ಎನ್ನುವ ಸ್ಥಿತಿಗೆ ಅವರನ್ನು ತಂದಿಟ್ಟ. ಕಡೆಯ ಇನಿಂಗ್ಸಿನಲ್ಲಿ ಅವನ ಎಸೆತ ನಿಧಾನವಾಯಿತು, ತೋಳು ಬಿದ್ದುಹೋಗುವಂತಿತ್ತು. ಚಿಚೊ ನಡೆದು ಹೋಗಿ ಸಾಕಾಯಿತೇ ಎಂದು ಕೇಳಿದ. "ಇಷ್ಟು ವರ್ಷ ಅವರು ನನ್ನ ಓದಿದ್ರು ಚಿಚೊ. ಇನ್ನೊಬ್ಬ ಉಳಿದಿದ್ದಾನೆ, ಅವನಿಗೂ ಪಾಠ ಮುಗಿಸ್ತೀನಿ" ಎಂದನಂತೆ. ಮುಗಿಸಿದ. ನಮಗೆ ಎರಡು, ಅವರಿಗೆ ಒಂದು.

ಸಿಮೆಂಟಿನವನು ಯಾವಾಗ ಎದ್ದುಹೋದನೋ ಗೊತ್ತಿಲ್ಲ. ಮಾಲೀಕರು ನನಗೆ ಕೈ ಕೊಟ್ಟು, ತಂಡ ಇಲ್ಲೇ ಇರುತ್ತದೆ, ಹೆಜ್ಜಾರ್ಲೆಗೆ ಸಮುದ್ರ ಬೇಕಲ್ಲವೇ ಎಂದರು.

ಡ್ವೇನ್ ಮತ್ತು ಯಹಾಯಿರಾ ನಿನ್ನೆ ಬಂದರು. ಒಟ್ಟಿಗೆ. ವಿಮಾನ ನಿಲ್ದಾಣದಿಂದ ನೇರ ಗೇಟಿಗೆ ಬಂದು, ಅಮ್ಮನಿಗೆ ಒಂದು ಫ್ಲಾಸ್ಕು ಕೊಟ್ಟರು. ತುಂಬುವಾಗ ಹಿಮವಾಗಿತ್ತಂತೆ. ಡ್ವೇನ್ ನಾಚಿಕೊಂಡು ನಿಂತಿದ್ದ. ಜನವರಿಯಲ್ಲಿ ಎಸೆಯಲು ತೋಳು ಗಟ್ಟಿಯಿದೆ ಎಂದ. ದೋನ್ಯಾ ತಾತಿಕಾ ಅವನೊಡನೆ ಇನ್ನೂ ಮಾತಾಡುತ್ತಿಲ್ಲ, ಅನ್ನ ಮಾತ್ರ ಬಡಿಸುತ್ತಾರೆ.

ಇಂದು ಬಲದ ಆಯ್ಕೆಯ ದಿನ. ಇಷ್ಟು ವರ್ಷ ನಮ್ಮವರನ್ನು ಬೇರೆಯವರು ಎತ್ತಿಕೊಂಡು ಹೋಗುವುದನ್ನು ಗೋಡೆಗೆ ಒರಗಿ ನೋಡುತ್ತಿದ್ದೆವು. ಇಂದು ನನಗೂ ಮೇಜಿನ ಬಳಿ ಕುರ್ಚಿ ಇತ್ತು. ಹೊರಬಿದ್ದ ತಂಡದಿಂದ ಒಬ್ಬ ಒಳ್ಳೆಯ ಬ್ಯಾಟುಗಾರನನ್ನು ಕೇಳಿದೆ, ಕೊಟ್ಟರು. ಅವನು ಬಂದು ನಮ್ಮ ಅಂಗಿ ತೊಡುವಾಗ ಮುಖ ಸಣ್ಣಗಿತ್ತು. ಸೋತು ಬಂದವನಿಗೆ ಹಾಗೆಯೇ. ಅಮ್ಮ ಅವನಿಗೆ ಬಿಸಿ ಯನಿಕೇಕೆ ಕೊಟ್ಟಳು. ಪದ್ಧತಿ ಏನು, ಎತ್ತ ಎಂದು ನನ್ನನ್ನು ಎರಡೆರಡು ಸಲ ಕೇಳಿದಳು. ಇಷ್ಟು ವರ್ಷ ಗೇಟಿನಲ್ಲೇ ಕೂತವಳಿಗೆ ಅದು ಗೊತ್ತಿಲ್ಲದ್ದೇನಲ್ಲ.

ಆಮೇಲೆ ಕಾಗದ ಕೇಳಿದಳು. ಕೊಟ್ಟೆ.

ನಿನ್ನ ನೆರಿ


ಪ್ವೆರ್ತೊ ಇನೆಸ್,
2 ಜನವರಿ 1989

ಎಫ್ರಾಯಿನ್,

ಮಗಳು ನಿನಗೆ ಬರೆಯುತ್ತಾಳೆಂದು ಮೊದಲಿನಿಂದ ಗೊತ್ತು. ಅವಳು ಅಂಚೆಚೀಟಿಗೆ ನನ್ನ ಹಿಟ್ಟಿನ ಅಂಟನ್ನೇ ಬಳಸುತ್ತಾಳೆ.

ನ್ಯೂಜೆರ್ಸಿಯ ಹಿಮದ ನೀರಿನಲ್ಲಿ ಹಿಟ್ಟು ಕಲಸಿದೆ. ವಿಶೇಷವೇನಿಲ್ಲ. ನೀರು ನೀರೇ. ಆದರೆ ಅದನ್ನು ಹೊತ್ತು ತಂದಿದ್ದರು.

ಪತ್ರಿಕೆಯ ಮೂಲೆಯಲ್ಲಿ ಮೆಕ್ಸಿಕೊದ ಸುದ್ದಿ ಇತ್ತು, ಕನ್ನಡಕ ಹಾಕಿಕೊಂಡು ಓದಿದೆ. ನಿನ್ನ ತಂಡ ಹೊರಬಿದ್ದಿದೆ. ಇಲ್ಲಿಯ ಪದ್ಧತಿ ನೆರಿ ನಿನಗೆ ಬರೆದಿರುತ್ತಾಳೆ. ಸೋತು ಹೊರಬಿದ್ದವರನ್ನು ಉಳಿದವರು ಆರಿಸಿಕೊಳ್ಳಬಹುದು. ಉಳಿದವಳು ನಾನು. ನಿನ್ನನ್ನು ಆರಿಸಿದ್ದೇನೆ.

ಮೆಚ್ಚಿ ಅಂತ ತಿಳಿಯಬೇಡ. ಜನವರಿಯಲ್ಲಿ ಈ ಗೇಟಿಗೆ ಜನ ಬಂದು ನನಗೆ ಅಭ್ಯಾಸವಿಲ್ಲ. ಎಣ್ಣೆಯ ಮುಂದೆ ನಿಲ್ಲಲು ಇನ್ನೊಬ್ಬರು ಬೇಕು. ಆ ಲಿಸಾರ್ದೊ ಕೂಡ ದಿನವೂ ಬಂದು ನಿನ್ನ ವಿಳಾಸ ಕೇಳುತ್ತಾನೆ. ಚಿಚೊ ಕ್ರೀಡಾಂಗಣದ ಬೆಂಚಿನಲ್ಲಿ ಒಂದು ಜಾಗ ಒರೆಸಿಟ್ಟಿದ್ದಾನೆ, ಯಾರಿಗೆಂದು ಹೇಳುವುದಿಲ್ಲ.

ಅಲ್ತಾಗ್ರಾಸಿಯಾ ಅಮ್ಮನವರ ಹಬ್ಬ ಇಪ್ಪತ್ತೊಂದಕ್ಕೆ. ಅದರೊಳಗೆ ಬಾ. ಉತ್ತರ ಬರೆಯಬೇಡ, ನನ್ನ ಹತ್ತಿರ ನಿನ್ನ ಕಾಗದ ಸಾಕಷ್ಟಿದೆ.

ಟಿಕೆಟು ಒಂದೇ ಕಡೆಯದು ತೆಗೆದುಕೊ.

ಕಾಸಿಲ್ದಾ